ಅಜ್ಜಿಯ ಹುಬ್ಬಿನ ಕೂದಲು

ಮೈಸೂರು

ಪ್ರೀತಿಯ ಅಮ್ಮನಿಗೆ,

ಅಜ್ಜಿ ಹಾಸಿಗೆ ಹಿಡಿದಾಗಿನಿಂದ ನೀನು ಫೋನಿನಲ್ಲಿ ಒಂದೇ ಮಾತು ಕೇಳುತ್ತೀಯ: "ಮುಪ್ಪು ತಡೆಯೋ ಗುಳಿಗೆ ಒಂದು ತಂದ್ರೆ ನಿಮ್ಮ ಲ್ಯಾಬಿನ ಗಂಟೇನು ಹೋಗ್ತೈತೆ?"

ತರಲಾರೆ, ಅಮ್ಮ. ಅದಿನ್ನೂ ಔಷಧಿಯಲ್ಲ. ಎಳ್ಳಿಗಿಂತ ಚಿಕ್ಕ ಹುಳುಗಳಿಗೆ ತಿನ್ನಿಸಿ ನೋಡುತ್ತಿರುವ ರಾಸಾಯನಿಕ. ತಿಂದ ಹುಳುಗಳು ಹೆಚ್ಚು ದಿನ ಬದುಕುತ್ತಿರುವುದು ನಿಜ. ಆದರೆ ಮುದಿಯಾದ ಮೇಲೆ ಅವು ಸುಮ್ಮನೆ ಬಿದ್ದಿರುತ್ತವೆ. ಕಡ್ಡಿಯ ತುದಿಗೆ ನಮ್ಮದೇ ಹುಬ್ಬಿನ ಕೂದಲೊಂದನ್ನು ಅಂಟಿಸಿ ಮೆಲ್ಲಗೆ ಮುಟ್ಟುತ್ತೇವೆ. ತಲೆ ಅಲ್ಲಾಡಿದರೆ ಜೀವ ಇದೆಯೆಂದು ಲೆಕ್ಕ. ಹೆಚ್ಚಿಗೆ ಸಿಕ್ಕ ದಿನಗಳಲ್ಲಿ ಆ ಹುಳುವಿಗೆ ಏನನ್ನಿಸುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ನನಗೆ ಕುತೂಹಲವಿರುವುದು ಅದರಲ್ಲೇ.

ಹೋದ ಸಲ ಕತ್ತಲಗೆರೆಗೆ ಬಂದಾಗ ಇದನ್ನು ಅಜ್ಜಿಗೆ ಹೇಳಿದೆ. ಅವಳು ನಕ್ಕುಬಿಟ್ಟಳು. "ನಿಮ್ಮವ್ವನೂ ದಿನಾ ಬೆಳಿಗ್ಗೆ ನನ್ನ ಕಾಲು ಮುಟ್ಟಿ ಹಂಗೇ ನೋಡ್ತಾಳೆ ಕಣೆ. ನಾನು ಬೇಕಂತ್ಲೇ ಅಲ್ಲಾಡಂಗಿಲ್ಲ. ಹೆದರ್ಕೊಂಡು 'ಅತ್ತೇ' ಅಂತ ಕೂಗ್ತಾಳಲ್ಲ, ಅದನ್ನ ಕೇಳಾಕೆ ಚಂದ ಐತೆ."

ಈ ಲಕೋಟೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಚೀಲವೊಂದಿದೆ. ಅಜ್ಜಿಯನ್ನು ಕೇಳಿ, ಅವಳ ಹುಬ್ಬಿನಿಂದ ಎರಡು ಬಿಳಿ ಕೂದಲು ಕಿತ್ತು ಅದರೊಳಗಿಟ್ಟು ಕಳಿಸು. ನನ್ನವು ತೀರಾ ಮೆತ್ತಗಿವೆ, ಬೇಗ ಬಾಗುತ್ತವೆ.

ಅಜ್ಜಿ ಹೇಳಿದ್ದನ್ನು ನಾನು ನಿನಗೆ ತಿಳಿಸಿದ್ದೇನೆಂದು ಅವಳಿಗೆ ಗೊತ್ತಾಗುವುದು ಬೇಡ. ನಾಳೆ ಬೆಳಿಗ್ಗೆಯೂ ಹೆದರಿದವಳಂತೆಯೇ ಕೂಗು.

ನಿನ್ನ ಮಗಳು,
ರಕ್ಷಾ