ಸಬ್ಖಾ ಮಲಗಿದೆ

ಜನವರಿ 7, ಫಿಲಿಮ್ ಹಳ್ಳಿ

ಇವತ್ತೂ ಸ್ಯಾಂಪಲ್. ಸಬ್ಖಾ ಅನ್ನೋ ಈ ಉಪ್ಪುಬಯಲಲ್ಲಿ ಪಾಚಿಪದರ ಕೊಯ್ದು ಡಬ್ಬಿಗೆ ತುಂಬುವುದು. ಮೇಲೆ ಕಪ್ಪು, ಒಳಗೆ ಹಸಿರು, ಅದರಡಿ ನೇರಳೆ. ಕೊಳೆತ ಮೊಟ್ಟೆಯ ವಾಸನೆ. ರೂಮ್‌ಮೇಟ್ ಥುರಯ್ಯಾ ಮೂಗು ಹಿಡಿದು, "ನಿಮ್ಮೂರಿನ ಅತ್ತರು ಘಮ್ಮಂತಿದೆ ಕಣೇ" ಅಂದಳು. ಎಲ್ಲರೂ ನಕ್ಕರು. ನಾನೂ.

ಇದು ನನ್ನೂರೆಂದು ನಮ್ಮ ಪ್ರೊಫೆಸರ್ ಡಾ. ನಸ್ರಾ ಪ್ರತಿಯೊಂದಕ್ಕೂ ನನ್ನನ್ನೇ ಕೇಳುತ್ತಾರೆ. ಚಿಕ್ಕಂದಿನಿಂದ ಮಸ್ಕತ್ ಹಾಸ್ಟೆಲಲ್ಲೇ ಬೆಳೆದವಳು, ಏನೂ ಗೊತ್ತಿಲ್ಲ ಮೇಡಂ, ಅನ್ನಬೇಕು. ತೋಚಿದ್ದು ಹೇಳಿಬಿಡುತ್ತೇನೆ.

ಜನವರಿ 8, ಬೆಳಿಗ್ಗೆ

ಬಯಲಿನಾಚೆಯ ಮ್ಯಾಂಗ್ರೋವ್‌ಗೆ ದಾರಿ ಹೇಗಿದೆ ಕೇಳು ಎಂದರು ಡಾ. ನಸ್ರಾ. ಬಾಬಾಗೆ ಫೋನ್. ದಡದಲ್ಲಿ ಬಲೆ ಎಳೆಯುತ್ತಿದ್ದರು, ಫೋನಿನಲ್ಲಿ ಬರೀ ಗಾಳಿ ಸದ್ದು. "ಸಬ್ಖಾ ಮಲಗಿದೆ ಮಗಳೇ." ಲೈನ್ ಕಟ್.

ಮಲಗಿದೆ — ಅಂದರೆ ಶಾಂತವಾಗಿದೆ. "ಸೇಫ್ ಮೇಡಂ, ನೇರ ಅಡ್ಡ ಹಾಯಬಹುದು" ಅಂದೆ. ಎಷ್ಟು ಕಾನ್ಫಿಡೆಂಟಾಗಿ! ಡಾ. ನಸ್ರಾ, ಥುರಯ್ಯಾ, ಮಸ್ಕತ್ತಿನ ಡ್ರೈವರ್ ಹೊರಟರು. ನನಗೆ ಹೊಟ್ಟೆನೋವು, ಅಜ್ಜಿ ಮನೆಯಲ್ಲೇ ಉಳಿದೆ.

ಮಧ್ಯಾಹ್ನ

ಅಜ್ಜಿ ಒಣಮೀನು ಬಿಡಿಸುತ್ತಿದ್ದಳು. ಬಾಬಾ ಅಂದದ್ದನ್ನೂ ಮೇಡಂ ಹೊರಟದ್ದನ್ನೂ ಸುಮ್ಮನೆ ಮಾತಿಗೆ ಹೇಳಿದೆ. ಅವಳ ಕೈ ನಿಂತಿತು.

"ಮಲಗಿದೆ ಅಂದ್ರೆ ಏನಂದ್ಕೊಂಡೆ? ಅಡೀಲಿ ನೀರು ಬಂದು ಪಾಚಿ ಚಾಪೆ ತರ ತೇಲ್ತಿದೆ ಅಂತ. ಮಲಗಿರೋ ಒಂಟೆ ಮೇಲೆ ಕಾಲಿಡ್ತಾರೇನೇ?"

ಥುರಯ್ಯಾ ಫೋನ್ ಸಿಗುತ್ತಿಲ್ಲ. ಮತ್ತೆ ಮತ್ತೆ. ಸಂಜೆ ಭರತ, ಸಮುದ್ರದ ನೀರು ಏರಿ ಬರುತ್ತದೆ.

ಆಮೇಲೆ

ಅವರು ವಾಪಸ್ ಬಂದಿಲ್ಲ ಎಂದು ಅಜ್ಜಿ ಹೇಳಿಕಳಿಸಿದಳು. ಬಾಬಾ, ಚಿಕ್ಕಪ್ಪ ಖಲ್ಫಾನ್ ಓಡಿಬಂದು ಪಿಕಪ್‌ಗೆ ಹಲಗೆ, ಹಗ್ಗ ಹಾಕಿದರು. ಉಪ್ಪುಗಿಡಗಳ ಸಾಲು ಹಿಡಿದು ಹುಡುಕೋಣ ಎಂದರು ಬಾಬಾ. ಗಿಡ ಬೇರು ಬಿಟ್ಟ ಕಡೆ ನೆಲ ಗಟ್ಟಿ, ಡ್ರೈವರ್ ಆದವನು ಅಲ್ಲೇ ಹೋಗಿರುತ್ತಾನಂತೆ. ಚಿಕ್ಕಪ್ಪ ಡ್ರೈವರನ ವಂಶವನ್ನೆಲ್ಲ ಬೈದರು. ನಾನು ಹಲಗೆ ಜೋಡಿಸುತ್ತಿದ್ದೆ. ಗಾಡಿ ಸ್ಟಾರ್ಟ್ ಆಯಿತು.

ಆಗ ಬಾಗಿಲು ಹಿಡಿದುಕೊಂಡೆ. "ಬಾಬಾ, ಗಿಡದ ಕಡೆ ಅಲ್ಲ. ನೇರ ಹೋಗಿ ಅಂತ ಹೇಳಿದ್ದು ನಾನು. ಕಪ್ಪು ಪಾಚಿಯ ಮೇಲೆ."

ಅವರು ನನ್ನ ಮುಖ ನೋಡಲಿಲ್ಲ. "ಹತ್ತು. ಎಲ್ಲಿಂದ ಇಳಿದ್ರು, ನೀನೇ ತೋರಿಸು."

ಸಂಜೆ, ಪಿಕಪ್‌ನಲ್ಲಿ

ಕಾಣುತ್ತಿದೆ. ಕಪ್ಪಿನ ನಡುವೆ ಕಾರಿನ ಬಿಳಿ ಟಾಪ್ ಮಾತ್ರ. ಮೇಲೆ ಇಬ್ಬರು. ಮೂವರು ಹೋಗಿದ್ದರು.

ಇಳಿಯಬೇಡ ಎಂದಿದ್ದಾರೆ. ಕೂತಲ್ಲೇ ಬರೆಯುತ್ತಿದ್ದೇನೆ. ಬಾಬಾ, ಚಿಕ್ಕಪ್ಪ ಹಲಗೆಯ ಮುಂದೆ ಹಲಗೆ ಹಾಸಿ ತೆವಳುತ್ತಿದ್ದಾರೆ. ಅಂಚಿನಲ್ಲಿ ನೀರು ಹೊಳೆಯುತ್ತಿದೆ.

ಮೂರನೆಯ ತಲೆ... ಕಾರಿನ ಪಕ್ಕ, ಕೆಸರಲ್ಲಿ, ಎದೆಮಟ್ಟ. ಕೈ ಆಡಿಸುತ್ತಿದೆ. ನೀಲಿ ಸ್ಕಾರ್ಫ್. ಥುರಯ್ಯಾ.

ಬಾಬಾ ತಿರುಗಿ ಕೂಗುತ್ತಿದ್ದಾರೆ. ಹಗ್ಗ ಅಂತಿದ್ದಾರೆ. ಹಗ್ಗ ಇಲ್ಲೇ, ನನ್ನ ಕಾಲ ಬಳಿಯೇ ಬಿಟ್ಟುಹೋಗಿದ್ದಾರೆ. ಇಳಿಯುತ್ತಿದ್ದೇನೆ—