ಅಕ್ಕ ಕಳಿಸಿದ್ದ ತಿದ್ದುಪಡಿ

ಪ್ರೀತಿಯ ಅಕ್ಕಾ,

ಒಡಹುಟ್ಟಿದವಳಲ್ಲದಿದ್ದರೂ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವಳು ನೀನು. ಫೋನ್ ಎತ್ತುತ್ತಿಲ್ಲ, ಇಮೇಲ್ ಆದರೂ ಓದುತ್ತೀಯೆಂದು ಬರೆಯುತ್ತಿದ್ದೇನೆ.

ಮಕ್ಕಳ ಆಸ್ಪತ್ರೆಗೆ ನಾವಿಬ್ಬರೂ ಬರೆದ ಔಷಧಿ ಲೆಕ್ಕದ ಪ್ರೋಗ್ರಾಮಿನಲ್ಲಿ ತಪ್ಪು ಸಿಕ್ಕಿದೆ. ತೂಕ ಕಡಿಮೆಯಿರುವ ಹಸುಗೂಸಿಗೆ ಎರಡು ಪಟ್ಟು ಔಷಧಿ ತೋರಿಸುತ್ತಿತ್ತು. ನರ್ಸ್ ಅನುಮಾನಪಟ್ಟು ತಡೆದದ್ದರಿಂದ ಕೂಸು ಉಳಿಯಿತು. ಈಗ ಆಸ್ಪತ್ರೆಯವರು ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದಾರೆ. ನಮ್ಮ ಮ್ಯಾನೇಜರ್ ನಿನ್ನ ಬಗ್ಗೆ ಎಲ್ಲರೆದುರು ಅಂದರು: "ಗೊತ್ತಿದ್ದೂ ಹಾಗೇ ಬಿಟ್ಟು ಹೋದ್ಳು, ಕೆಲಸದಿಂದ ತೆಗೆದ ಸಿಟ್ಟಿಗೆ." ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ತಲೆಯಾಡಿಸಿದರು. ನನಗೆ ಮೈ ಉರಿಯಿತು.

ತಪ್ಪು ಸರಿಮಾಡಿ, ನಮ್ಮ ಪ್ರೋಗ್ರಾಮುಗಳನ್ನಿಡಲು ನೀನೇ ಕಟ್ಟಿದ ಸರ್ವರಿಗೆ ಇವತ್ತು ಬೆಳಿಗ್ಗೆ ಕಳಿಸಲು ಹೋದರೆ ಅದು ಒಪ್ಪಲೇ ಇಲ್ಲ. ಬ್ರೌಸರಿನಲ್ಲಿ ಹಳೆಯ ತಿದ್ದುಪಡಿಗಳೆಲ್ಲ ಕಾಣುತ್ತವೆ, ಹೊಸದಕ್ಕೆ ಮಾತ್ರ ಅನುಮತಿ ಇಲ್ಲವಂತೆ. ಪಾಸ್‌ವರ್ಡ್ ನೋಡಿದೆ, ಡಿಸ್ಕಿನಲ್ಲಿ ಜಾಗ ನೋಡಿದೆ, ತಲೆ ಮೊಸರು ಗಡಿಗೆಯಾಯಿತು. ಆಗ ನಿನ್ನ ಮಾತು ನೆನಪಾಯಿತು: "ಸರ್ವರನ್ನ ಬೈಬೇಡ ಕಣೇ. ಯಾಕೆ ಬೇಡ ಅಂತಿದೆ, ಲಾಗ್ ನೋಡು." ಸರ್ವರ್ ನಡೆದದ್ದನ್ನೆಲ್ಲ ಬರೆದಿಡುವ ಆ ಲಾಗ್ ತೆರೆದೆ, ಕಾರಣ ಸಿಕ್ಕಿತು. ಆರಂಭದ ಅವಸರದಲ್ಲಿ ನೀನು ಫೈಲುಗಳನ್ನೆಲ್ಲ ನಿನ್ನ ಖಾತೆಯ ಹೆಸರಿನಲ್ಲೇ ಇಟ್ಟಿದ್ದೆಯಲ್ಲ, ನಿನ್ನನ್ನು ತೆಗೆದಾಗ ಇವರು ಆ ಖಾತೆಯನ್ನೇ ಅಳಿಸಿದ್ದರು, ಹಾಗಾಗಿ ಹೊಸದನ್ನು ಸೇರಿಸಲು ಯಾರಿಗೂ ಅನುಮತಿ ಉಳಿದಿರಲಿಲ್ಲ. ನೀನು ಹೋದಮೇಲೆ ಯಾರೂ ಈ ಪ್ರೋಗ್ರಾಮನ್ನು ಮುಟ್ಟದ್ದರಿಂದ ಇಷ್ಟು ದಿನ ತಿಳಿಯಲಿಲ್ಲ.

ಲಾಗಿನಲ್ಲಿ ಇನ್ನೂ ಹಿಂದಕ್ಕೆ ಹೋದೆ. ನಿನ್ನನ್ನು ಮನೆಗೆ ಕಳಿಸಿದ ದಿನ, ಮಧ್ಯಾಹ್ನ, ನಿನ್ನ ಮನೆಯಿಂದ, ನಿನ್ನ ಹೆಸರಿನಲ್ಲಿ, ಇದೇ ಪ್ರೋಗ್ರಾಮಿಗೆ ಏನೋ ಕಳಿಸುವ ಯತ್ನ: ನಿರಾಕರಿಸಲಾಗಿದೆ. ಮತ್ತೆ ನಿರಾಕರಿಸಲಾಗಿದೆ. ಸಂಜೆಯವರೆಗೂ ಬಾಗಿಲು ತಟ್ಟಿದ್ದೀಯ ಅಕ್ಕಾ. ಕೂತಲ್ಲೇ ಅತ್ತುಬಿಟ್ಟೆ, ಪಕ್ಕದವರು ನೆಗಡಿಯಾ ಅಂತ ಕೇಳಿದರು.

ಅಂದು ಕಳಿಸಲು ಹೊರಟದ್ದು ಈ ತಿದ್ದುಪಡಿಯೇ ಅಲ್ಲವೇ? ಹೌದಾದರೆ ಅದು ನಿನ್ನ ಕಂಪ್ಯೂಟರಿನಲ್ಲಿ ಆ ದಿನದ ತಾರೀಖು ಹೊತ್ತು ಇನ್ನೂ ಕೂತಿರಬೇಕು. ಲಾಗಿನ ಪಕ್ಕ ಅದನ್ನಿಟ್ಟರೆ ಮ್ಯಾನೇಜರ್ ಬಾಯಿ ತಾನಾಗಿ ಮುಚ್ಚುತ್ತದೆ. ಯಾರನ್ನೂ ಕೇಳದೆ ನಿನ್ನ ಖಾತೆಯನ್ನು ಮತ್ತೆ ತೆರೆದಿದ್ದೇನೆ. ಗೊತ್ತಾದರೆ ನನ್ನದನ್ನೂ ಅಳಿಸುತ್ತಾರೆ, ಭಯವಾಗುತ್ತಿದೆ. ಹೊಸ ಪಾಸ್‌ವರ್ಡ್, ಮೊದಲ ದಿನ ನಿನ್ನ ಕೀಬೋರ್ಡ್ ಮೇಲೆ ನಾನು ಚೆಲ್ಲಿದ್ದರ ಹೆಸರು.

ಈಗ ಸರ್ವರ್ ನನ್ನದನ್ನೂ ಒಪ್ಪುತ್ತದೆ, ಆದರೂ ನಿನ್ನದೇ ಮೊದಲು ಸೇರಲಿ ಎಂದು ನನ್ನ ತಿದ್ದುಪಡಿಯನ್ನು ಸಂಜೆಯವರೆಗೆ ತಡೆದಿಡುತ್ತೇನೆ. ಅದಕ್ಕಿಂತ ಹೆಚ್ಚು ಆ ಕೂಸುಗಳನ್ನು ಕಾಯಿಸಲಾರೆ. ಬ್ರೌಸರ್ ತೆರೆದಿಟ್ಟು ಕೂತಿದ್ದೇನೆ. ಇನ್ನೊಂದು ಸಲ ಕಳಿಸಿ ನೋಡು, ಅಕ್ಕಾ.

ನಿನಗೆ ಹೊರಿಸಿದ ಅಪವಾದ ಈ ಸಂಜೆಯೊಳಗೆ ಇಳಿಯಲಿ.

ನಿನ್ನ ಕೀಬೋರ್ಡ್ ಕೆಡಿಸಿದ,
ತಂಗಿ