ಬಾಗಿಲಲ್ಲಿ ತಡೆದ ಬುತ್ತಿ

ಪುಣೆ, ಮಂಗಳವಾರ

ಅಕ್ಕಾ,

ಪೂರ್ವಾಳ ಬಿ.ಪಿ. ಸರಿಯಾಗಿದೆ, ಚಿಂತೆ ಬೇಡ. ಮೈ ಉರಿಯುತ್ತಿರುವುದು ನನಗೆ. ಅವಳು ಊಟ-ತಿಂಡಿಯ ಬ್ಲಾಗ್ ಬರೆಯುತ್ತಾಳಲ್ಲ, ಅದಕ್ಕೆಂದೇ ವಿಮಾನ ನಗರದ ದೊಡ್ಡ ಹೋಟೆಲಿನವರು ಅವಳ ಸೀಮಂತದ ಕುಬಸ ತಮ್ಮಲ್ಲೇ ಆಗಲಿ ಎಂದು ಕರೆದಿದ್ದರು. ಬಸುರಿ ಮಗಳು ಮೊದಲ ತುತ್ತು ತವರಿನ ಬುತ್ತಿಯದೇ ತಿನ್ನಬೇಕೆಂದು, ನೀನು ಮಾಡಿಕೊಟ್ಟ ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ ಹೊತ್ತು ಹೋದೆ. ಮ್ಯಾನೇಜರ್ ಬಾಗಿಲಲ್ಲೇ ತಡೆದು, ಹೊರಗಿನ ತಿನಿಸು ಇಲ್ಲಿ ನಡೆಯುವುದಿಲ್ಲ, "ಚಾಲಣಾರ ನಾಹೀ" ಎಂದುಬಿಟ್ಟ. ತವರಿನ ಬುತ್ತಿ ಹೊರಗಿನದಂತೆ!

ಹಸಿರು ಸೀರೆ ಉಟ್ಟು ಒಳಗೆ ಕೂತಿದ್ದ ಪೂರ್ವಾ ಎದ್ದು ಬಂದು ವಾಚ್‌ಮನ್ ಕುರ್ಚಿಯಲ್ಲಿ ಕೂತಳು. "ಅವ್ವಾ, ಬುತ್ತಿ ಇಲ್ಲೇ ಬಿಚ್ಚು, ಭಾಳ ಹಸಿವಾಗೇದ" ಎಂದಳು. ಬೀಗರೂ ಹೊರಗೆ ಬಂದರು. ನಿಂತ ಕಾರುಗಳ ನಡುವೆಯೇ ಆರತಿ ಎತ್ತಿದೆವು. ಒಳಗೆ ಅವರ ಮೂರು ಅಂತಸ್ತಿನ ಕೇಕನ್ನು ಕೇಳುವವರಿರಲಿಲ್ಲ.

ಕೊನೆಗೆ ಅದೇ ಮ್ಯಾನೇಜರ್ ಹಲ್ಲು ಕಿರಿಯುತ್ತ ಬಂದ. ಬ್ಲಾಗಿನಲ್ಲಿ ನಮ್ಮ ಹೆಸರು ಮರೆಯಬೇಡಿ ಎನ್ನುತ್ತಲೇ ನಿನ್ನ ಹೋಳಿಗೆಗೆ ಕೈ ಚಾಚಿದ. ನಾನು ಡಬ್ಬಿಯ ಮುಚ್ಚಳ ಒತ್ತಿ, "ಚಾಲಣಾರ ನಾಹೀ" ಎಂದೆ.

ನಿನ್ನ ತಂಗಿ,
ಸುನಂದಾ